ನಡುವಯಸ್ಸಿನ ಫ್ರೆಂಡ್ ರಿಕ್ವೆಸ್ಟ್: ಲಕ್ಷಣ, ಪರೀಕ್ಷೆ, ವಿಲೇವಾರಿ

ನಲವತ್ತೈದು ದಾಟಿದ, ಅರವತ್ತು ಮುಟ್ಟದ ಗೃಹಸ್ಥರಿಗೆ, ಅವರು ಕೇಳದೆಯೇ, ಹಿಂದೆಂದೂ ಕಂಡು ಕೇಳರಿಯದವರಿಂದ, ಸಾಮಾನ್ಯವಾಗಿ ರಾತ್ರಿಯ ಊಟವಾದ ಮೇಲೆ, ಫೇಸ್‌ಬುಕ್ಕಿನ ಮೂಲಕ ಬಂದು ತಲುಪುವ ಗೆಳೆತನದ ಅರ್ಜಿಯೇ ಫ್ರೆಂಡ್ ರಿಕ್ವೆಸ್ಟ್. ಈ ಲಕ್ಷಣ ನಿರ್ದುಷ್ಟವೇನಲ್ಲ. ಬೆಳಗಿನ ವಾಕಿಂಗ್ ಹೊತ್ತಿನಲ್ಲಿ ಬರುವ ಅರ್ಜಿಗಳು ಇದರಲ್ಲಿ ಸೇರದ ಕಾರಣ ಅವ್ಯಾಪ್ತಿ ದೋಷವಿದೆ. ಸೈಟು ಮಾರುವವರ ಅರ್ಜಿಯೂ ಗೆಳೆತನವೆಂದೇ ಎಣಿಕೆಯಾಗುವುದರಿಂದ ಅತಿವ್ಯಾಪ್ತಿ ದೋಷವೂ ಇದೆ. ಇನ್ನುಳಿದ ಅಸಂಭವ ದೋಷ, ಅಂದರೆ ಹೇಳಿದ ಲಕ್ಷಣ ಆ ವಸ್ತುವಿನಲ್ಲಿ ಎಲ್ಲಿಯೂ ಇಲ್ಲದಿರುವುದು, ಇಲ್ಲಿನ 'ಗೆಳೆತನ'ಕ್ಕೆ ತಗಲುತ್ತದೆಯೋ ಇಲ್ಲವೋ ಎಂಬುದನ್ನು ಮುಂದೆ ವಿಚಾರಿಸಲಾಗುವುದು.

ವಯೋಮಿತಿಯ ಬಗ್ಗೆ ಒಂದು ಮಾತು. ನಲವತ್ತೈದರ ಕೆಳಗಿನವರಿಗೂ ಇಂಥ ಅರ್ಜಿಗಳು ಬರುತ್ತವೆ. ಆದರೆ ಅವರು ಅವನ್ನು ನೋಡಿದ ಕೂಡಲೇ ಅಳಿಸಿಬಿಡುವುದರಿಂದ ಶಾಸ್ತ್ರಕ್ಕೆ ಏನೂ ಉಳಿಯುವುದಿಲ್ಲ. ಅರವತ್ತು ದಾಟಿದವರು ಬಂದದ್ದನ್ನೆಲ್ಲ ಒಪ್ಪಿಕೊಂಡು ಹೂವಿನ ಚಿತ್ರದ ಮೇಲೆ 'ಶುಭೋದಯ' ಎಂದು ಕಳಿಸುತ್ತಾರೆ. ಅಲ್ಲಿಯೂ ವಿಚಾರಕ್ಕೆ ಎಡೆಯಿಲ್ಲ. ಒಪ್ಪಲೂ ಆಗದ, ಬಿಡಲೂ ಆಗದ ಸ್ಥಿತಿ ನಡುವಯಸ್ಸಿಗೇ ವಿಶಿಷ್ಟವಾದದ್ದು.

ಅಪರಿಚಿತರನ್ನು ಪರಿಚಿತರನ್ನಾಗಿಸುವ ವ್ಯವಸ್ಥೆ ಕರ್ನಾಟಕದಲ್ಲಿ ಫೇಸ್‌ಬುಕ್ಕಿಗಿಂತ ಬಹಳ ಮೊದಲೇ ಇತ್ತು, ಮತ್ತು ಅದು ಹೆಚ್ಚು ಬಿಗಿಯಾಗಿತ್ತು. ಕೆಂಪು ಬಸ್ಸಿನ ಮೂರು ಜನರ ಸೀಟಿನಲ್ಲಿ ಪಕ್ಕಕ್ಕೆ ಸರಿದು ಜಾಗ ಕೊಟ್ಟವರು ಟಿಕೆಟ್ ಹರಿಸಿದ ಮೇಲೆ 'ಯಾವೂರಾಯ್ತು ತಮ್ದು?' ಎಂದು ಕೇಳುತ್ತಿದ್ದರು. ಇದು ಅರ್ಜಿ. ಊರು ತಿಳಿದೊಡನೆ 'ಅಲ್ಲಿ ಯಾರ ಪೈಕಿ?' ಎಂಬ ಎರಡನೆಯ ಪ್ರಶ್ನೆ ಬರುತ್ತಿತ್ತು. ಇದು ಗುರುತಿನ ತಪಾಸಣೆ. 'ಹಾಗಾದ್ರೆ ಶ್ಯಾನುಭೋಗರ ಮನೆಯವರು ನಿಮ್ಗೇನಾಗ್ಬೇಕು?' ಎಂಬ ಮೂರನೆಯದಕ್ಕೆ ಉತ್ತರ ಸಿಕ್ಕಿತೆಂದರೆ ಅರ್ಜಿ ಮಂಜೂರು. ಮುಂದಿನ ಸ್ಟಾಪು ಬರುವಷ್ಟರಲ್ಲಿ ಇಬ್ಬರೂ ದೂರದ ನೆಂಟರಾಗಿರುತ್ತಿದ್ದರು. ಕೆಲವೊಮ್ಮೆ ಒಂದು ಜಾತಕವೂ ಕೈ ಬದಲಾಗಿರುತ್ತಿತ್ತು. ಮೂರು ಪ್ರಶ್ನೆಗೂ ಸುಳ್ಳು ಹೇಳಿ ದಕ್ಕಿಸಿಕೊಳ್ಳುವುದು ವೃತ್ತಿಪರ ಕಳ್ಳರಿಗೂ ಕಷ್ಟವಾಗಿತ್ತು, ಏಕೆಂದರೆ ಶ್ಯಾನುಭೋಗರ ಮನೆಯವರೇ ಹಿಂದಿನ ಸೀಟಿನಲ್ಲಿ ಕುಳಿತಿರುವ ಸಂಭವವಿತ್ತು.

ಆಮೇಲಿನದು ಪತ್ರಮಿತ್ರರ ಕಾಲ. ಅದು ಅಂಚೆಯ ವೇಗದಲ್ಲಿ ನಡೆದು, ಮದುವೆಯಾದೊಡನೆ ನಿಂತುಹೋಗುತ್ತಿದ್ದುದರಿಂದ ಹೆಚ್ಚು ಹೇಳಬೇಕಾದ್ದಿಲ್ಲ. 2004ರ ಜನವರಿಯಲ್ಲಿ ಗೂಗಲ್‌ನ ಆರ್ಕುಟ್ ಬಂತು. ಭಾರತ ಮತ್ತು ಬ್ರೆಜಿಲ್‌ನಲ್ಲಿ ಹುಲುಸಾಗಿ ಬೆಳೆದು 2014ರ ಸೆಪ್ಟೆಂಬರ್ 30ರಂದು ಕಣ್ಣು ಮುಚ್ಚಿತು. ಸೈಬರ್ ಕೆಫೆಯ ಪ್ಲೈವುಡ್ ಗೂಡುಗಳಲ್ಲಿ ಕುಳಿತು, ಮುಖ ಕಾಣದ ಹುಡುಗಿಯರ ಸ್ಕ್ರ್ಯಾಪ್‌ಬುಕ್ಕಿನಲ್ಲಿ 'ಫ್ರೆಂಡ್‌ಶಿಪ್ ಮಾಡ್ತೀರಾ?' ಎಂದು ಬರೆದ ತರುಣರು ಆ ಕಾಲದಲ್ಲಿ ಅಸಂಖ್ಯ. ಅಂದು ಇಪ್ಪತ್ತೈದರ ಆಸುಪಾಸಿನಲ್ಲಿದ್ದ ಅವರೆಲ್ಲ ಇಂದು ನಲವತ್ತೈದರ ಆಸುಪಾಸಿನಲ್ಲಿದ್ದಾರೆ. ಅಂದು ಉತ್ತರ ಬಾರದೆ ಉಳಿದ ಆ ಪ್ರಶ್ನೆಯೇ ಈಗ ವಿಳಾಸ ಹುಡುಕಿಕೊಂಡು ಹಿಂತಿರುಗುತ್ತಿದೆ ಎಂಬುದು ಕರ್ಮಸಿದ್ಧಾಂತಿಗಳ ಮತ. ಇದನ್ನು ತಳ್ಳಿಹಾಕಲು ಸಾಕಷ್ಟು ಆಧಾರಗಳಿಲ್ಲ.

ಫೇಸ್‌ಬುಕ್ 2004ರ ಫೆಬ್ರವರಿಯಲ್ಲಿ ಹಾರ್ವರ್ಡ್ ವಿದ್ಯಾರ್ಥಿಗಳಿಗೆಂದು ಹುಟ್ಟಿ, 2006ರ ಸೆಪ್ಟೆಂಬರಿನಲ್ಲಿ ಹದಿಮೂರು ತುಂಬಿದ ಎಲ್ಲರಿಗೂ ಬಾಗಿಲು ತೆರೆಯಿತು. ಕನಿಷ್ಠ ವಯಸ್ಸನ್ನು ನಿಗದಿ ಮಾಡಿದವರಿಗೆ ಗರಿಷ್ಠ ವಯಸ್ಸನ್ನೂ ನಿಗದಿ ಮಾಡಬೇಕೆಂದು ಹೊಳೆಯಲಿಲ್ಲ. ಪ್ರಸ್ತುತ ಶಾಸ್ತ್ರ ಹುಟ್ಟಿದ್ದು ಈ ಲೋಪದಿಂದ. ಗೆಳೆಯರ ಸಂಖ್ಯೆಗೆ ಮಾತ್ರ 5,000ದ ಮಿತಿ ಹಾಕಲಾಯಿತು. ಮಿದುಳಿನ ಗಾತ್ರದ ಆಧಾರದ ಮೇಲೆ ಮನುಷ್ಯನೊಬ್ಬ ಸುಮಾರು 150 ಜನರೊಂದಿಗೆ ಮಾತ್ರ ನಿಜವಾದ ಒಡನಾಟ ಇಟ್ಟುಕೊಳ್ಳಬಲ್ಲನೆಂದು ಬ್ರಿಟನ್ನಿನ ರಾಬಿನ್ ಡನ್‌ಬಾರ್ 1990ರ ದಶಕದ ಆರಂಭದಲ್ಲೇ ಲೆಕ್ಕ ಹಾಕಿದ್ದರು. ಅವರು ದಕ್ಷಿಣ ಕರ್ನಾಟಕದ ಒಂದಾದರೂ ಆರತಕ್ಷತೆಗೆ ಬಂದಿದ್ದರೆ ಈ ಅಂಕಿಯನ್ನು ಮರುಪರಿಶೀಲಿಸುತ್ತಿದ್ದರು; ಅಷ್ಟು ಜನ ಇಲ್ಲಿ ಮೊದಲ ಪಂಕ್ತಿಗೇ ಸಾಲುವುದಿಲ್ಲ. ಅಮೆರಿಕದ ಇಬ್ಬರು ಅಪರಿಚಿತರ ನಡುವೆ ಬೆರಳೆಣಿಕೆಯ ಪರಿಚಯಗಳಷ್ಟೇ ಅಂತರವೆಂದು 1967ರಲ್ಲಿ ಸ್ಟ್ಯಾನ್ಲಿ ಮಿಲ್‌ಗ್ರಾಮ್ ಪತ್ರಗಳನ್ನು ಕೈಯಿಂದ ಕೈಗೆ ದಾಟಿಸಿ ತೋರಿಸಿದರು. ತನ್ನ ಬಳಕೆದಾರರಲ್ಲಿ ಆ ಅಂತರ ಸರಾಸರಿ 3.57 ಎಂದು 2016ರಲ್ಲಿ ಫೇಸ್‌ಬುಕ್ಕೇ ಪ್ರಕಟಿಸಿತು. 'ಯಾರ ಪೈಕಿ' ವಿಧಾನದಲ್ಲಿ ಇದು ಎರಡಕ್ಕಿಂತ ಮೇಲೆ ಹೋದ ಉದಾಹರಣೆ ಹಳೇ ಮೈಸೂರಿನ ಬಸ್ಸುಗಳಲ್ಲಿ ಸಿಗುವುದಿಲ್ಲ.

ಅರ್ಜಿ ನಡುವಯಸ್ಸಿನವರ ಬಾಗಿಲಿಗೇ ಬಂದು ನಿಲ್ಲಲು ಎರಡು ಕಾರಣ, ಒಂದು ಯಂತ್ರದ್ದು, ಒಂದು ಮನಸ್ಸಿನದು. 2008ರಿಂದ ಫೇಸ್‌ಬುಕ್ 'ಇವರು ನಿಮಗೆ ಗೊತ್ತಿರಬಹುದು' ಎಂದು ಮುಖಗಳನ್ನು ಮುಂದಿಡುತ್ತ ಬಂದಿದೆ. ಸಮಾನ ಗೆಳೆಯರು, ಸಮಾನ ಗುಂಪುಗಳು, ಯಾರೋ ತಮ್ಮ ಫೋನಿನಿಂದ ಏರಿಸಿದ ನಂಬರುಗಳು ಇದಕ್ಕೆ ಆಧಾರ. ಹತ್ತು ವರ್ಷದ ಹಿಂದೆ ಅಡ್ವಾನ್ಸ್ ಹಿಂತಿರುಗಿಸದ ಮನೆ ಮಾಲೀಕರು, ಒಮ್ಮೆ ಕರೆಸಿದ್ದ ಬೋರ್‌ವೆಲ್ಲಿನವರು, ಮುರಿದುಬಿದ್ದ ಸಂಬಂಧದ ಕಡೆಯ ಸೋದರಮಾವ ಇವರೆಲ್ಲ ಪರದೆಯ ಮೇಲೆ ಪ್ರತ್ಯಕ್ಷರಾಗುವುದು ಹೀಗೆ. ಇಷ್ಟರಲ್ಲಿ ಗೂಢವೇನೂ ಇಲ್ಲ. ಎರಡನೆಯ ಕಾರಣವೇ ಮುಖ್ಯವಾದದ್ದು. ಈ ವಯಸ್ಸಿನವರ ಬಳಿ ಬರುವವರೆಲ್ಲ ಏನಾದರೊಂದನ್ನು ಕೇಳಲೆಂದೇ ಬರುತ್ತಾರೆ. ಮಗಳಿಗೆ ಓಟಿಪಿ ಬೇಕು, ಮಗನಿಗೆ ಬೈಕಿನ ಕೀ ಬೇಕು, ಅಮ್ಮನಿಗೆ ಬಿಪಿ ಮಾತ್ರೆ ಬೇಕು, ಸಹೋದ್ಯೋಗಿಗೆ ಸಾಲದ ಜಾಮೀನಿಗೆ ಸಹಿ ಬೇಕು, ಬ್ಯಾಂಕಿಗೆ ಮತ್ತೊಮ್ಮೆ ಕೆವೈಸಿ ಬೇಕು. ಎರಡು ಪಾಸ್‌ಪೋರ್ಟ್ ಸೈಜ್ ಫೋಟೊ, ಆಧಾರ್ ಜೆರಾಕ್ಸ್ ಯಾವುದನ್ನೂ ಕೇಳದೆ, ಕೇವಲ ಪರಿಚಯವಾದರೆ ಸಾಕೆಂದು ಅವರ ಮುಂದೆ ಬರುವ ಏಕೈಕ ಅರ್ಜಿ ಇದು. ಕೆಂಪು ಚುಕ್ಕೆಯೊಳಗಿನ ಒಂದು ಎಂಬ ಅಂಕಿ ಕಂಡಾಗ ಟಿವಿಯ ಸದ್ದನ್ನು ತಾವಾಗಿಯೇ ತಗ್ಗಿಸುವ ಕ್ರಿಯೆಗೆ ಮೂಲ ಇದೇ.

ಶಾಸ್ತ್ರದ ವಿಂಗಡಣೆಗೆ ಹೊರಗಿನ ಮಾದರಿಗಳನ್ನು ಹುಡುಕಬೇಕಾಗಿಲ್ಲ. ಹನ್ನೊಂದನೆಯ ಶತಮಾನದಲ್ಲಿ ಚಾಲುಕ್ಯ ಜಯಸಿಂಹನ ಬಳಿ ಸಂಧಿವಿಗ್ರಹಿಯಾಗಿದ್ದ ದುರ್ಗಸಿಂಹ ಕನ್ನಡಕ್ಕೆ ತಂದ ಪಂಚತಂತ್ರದಲ್ಲಿ ಭೇದ, ಪರೀಕ್ಷೆ, ವಿಶ್ವಾಸ, ವಂಚನೆ, ಮಿತ್ರಕಾರ್ಯ ಎಂಬ ಐದು ಪ್ರಕರಣಗಳಿವೆ. ಯಾರೊಡನೆ ಸಂಧಿ, ಯಾರೊಡನೆ ವಿಗ್ರಹ, ಅಂದರೆ ಯಾರನ್ನು ಆಡ್ ಮಾಡಬೇಕು ಯಾರನ್ನು ಬ್ಲಾಕ್ ಮಾಡಬೇಕು ಎಂದು ತೀರ್ಮಾನಿಸುವುದೇ ಉದ್ಯೋಗವಾಗಿದ್ದವನ ವಿಂಗಡಣೆ ಇದು. ಫೇಸ್‌ಬುಕ್ಕಿಗೆ ಇದನ್ನು ಹೆಚ್ಚುಕಡಿಮೆ ಹಾಗೆಯೇ ಅನ್ವಯಿಸಬಹುದು. ಒಂದೇ ತಿದ್ದುಪಡಿಯೆಂದರೆ, ಅವನಲ್ಲಿ ಮೊದಲಿಗೆ ಬರುವ ಭೇದ ಇಲ್ಲಿ ಕೊನೆಗೆ, ಹೆಂಡತಿ ಫೋನು ನೋಡಿದ ಮೇಲೆ ಬರುತ್ತದೆ.

ಪರೀಕ್ಷಾ ಪ್ರಕರಣವೇ ದೊಡ್ಡದು. ನೈಯಾಯಿಕರು ಒಪ್ಪುವ ನಾಲ್ಕು ಪ್ರಮಾಣಗಳೂ ಇಲ್ಲಿ ಬಳಕೆಗೆ ಬರುತ್ತವೆ. ಗಂಡಸರಿಗೆ ಬರುವ ಅರ್ಜಿಗಳಲ್ಲಿ ಪ್ರಧಾನವಾದ ಸುಂದರಿಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಮೊದಲನೆಯದು ಪ್ರತ್ಯಕ್ಷ. ಚಾಳೀಸು ಹುಡುಕಿ, ಒರೆಸಿ, ಮೂಗಿಗೇರಿಸಿ, ಎರಡು ಬೆರಳಿನಿಂದ ಫೋಟೊ ಹಿಗ್ಗಿಸಿ ನೋಡುವ ವಿಧಿ ಇದು. ನೀಲಿ ಬಣ್ಣದ 'ಕನ್ಫರ್ಮ್' ಗುಂಡಿ ಅಲ್ಲೇ ಹತ್ತಿರದಲ್ಲಿದ್ದು, 'ಡಿಲೀಟ್' ಬೂದು ಬಣ್ಣದಲ್ಲಿ ಮಂಕಾಗಿರುವುದರಿಂದ, ಹೆಬ್ಬೆರಳು ಜಾರಿ ಆಗುವ ಗೆಳೆತನಗಳು ಕಡಿಮೆಯಲ್ಲ. ವಿಚಾರಣೆಯ ಕಾಲದಲ್ಲಿ 'ಕೈತಪ್ಪಿ ಒತ್ತಿದೆ' ಎಂದು ಹೇಳುವವರೆಲ್ಲ ಸುಳ್ಳರಲ್ಲ ಎಂಬುದನ್ನು ಮನೆಯವರು ಗಮನಿಸಬೇಕು. ಎರಡನೆಯದು ಅನುಮಾನ. ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿಯಿದೆಯೆಂದು ಊಹಿಸುವ ಕ್ರಮ. ಖಾತೆ ಹೋದ ವಾರದ್ದು, ಫೋಟೊ ಒಂದೇ, ಊರಿನ ಹೆಸರಿಲ್ಲ, ಹೆಸರಿನ ಮೊದಲರ್ಧ ಒಂದು ರಾಜ್ಯದ್ದು ಉಳಿದರ್ಧ ಇನ್ನೊಂದು ರಾಜ್ಯದ್ದು, ಗೆಳೆಯರೆಲ್ಲ ಐವತ್ತು ದಾಟಿದ ಗಂಡಸರು. ಇಷ್ಟು ಹೊಗೆಯಿಂದ ಬೆಂಕಿಯನ್ನು ಊಹಿಸಬೇಕಾದ ಪರೀಕ್ಷಕರು 'ಪಾಪ, ಹೊಸಬಳು, ಇನ್ನೂ ಕಲೀತಿದಾಳೆ' ಎಂದು ಊಹಿಸುತ್ತಾರೆ. ಮೂರನೆಯದು ಉಪಮಾನ, 'ಎಲ್ಲೋ ನೋಡಿದ ಹಾಗಿದೆಯಲ್ಲ' ಎಂಬ ಭಾವ. ಇದು ಸತ್ಯವೇ. ಆ ಫೋಟೊ ಸಾಮಾನ್ಯವಾಗಿ ಯಾವುದೋ ಭಾಷೆಯ ಧಾರಾವಾಹಿ ನಟಿಯದಾಗಿರುತ್ತದೆ.

ನಾಲ್ಕನೆಯದಾದ ಶಬ್ದಪ್ರಮಾಣ, ಅಂದರೆ ಆಪ್ತರ ಮಾತು, ಉಳಿದೆಲ್ಲವನ್ನೂ ಮೀರಿಸುತ್ತದೆ. ಮ್ಯೂಚುವಲ್ ಫ್ರೆಂಡ್ಸ್ ಎಂದು ಕಾಣುವ ಏಳೆಂಟು ಪುಟ್ಟ ಮುಖಗಳೇ ಆ ಆಪ್ತರು. ಅವರಲ್ಲಿ ಷಡ್ಕ ಇದ್ದಾರೆ, ಬ್ಯಾಂಕಿನಿಂದ ವಿಆರ್‌ಎಸ್ ತೆಗೆದುಕೊಂಡವರಿದ್ದಾರೆ, ಹೈಸ್ಕೂಲಿನಲ್ಲಿ ಗಣಿತ ಕಲಿಸಿದ ಮೇಷ್ಟ್ರೇ ಇದ್ದಾರೆ. ಮೇಷ್ಟ್ರು ಒಪ್ಪಿದ ಮೇಲೆ ಶಂಕೆ ಎಲ್ಲಿಯದು? ದರ್ಶಿನಿಯ ಎದುರು ಬೈಟು ಕಾಫಿ ಹಿಡಿದು ನಿಂತಾಗ ಮಾತ್ರ ನಿಜ ಹೊರಬೀಳುತ್ತದೆ.

'ಅಲ್ಲಾ ಸಾರ್, ಆ ಹುಡುಗಿ ನಿಮ್ಗೆ ಗೊತ್ತಾ?'

'ನಂಗೆಲ್ಲಯ್ಯಾ ಗೊತ್ತು! ನೀನಿದ್ದೆಯಲ್ಲ ಅಂತ ನಾನು ಒತ್ತಿದೆ.'

'ನಾನು ನಿಮ್ಮನ್ನ ನೋಡ್ಕೊಂಡು ಒತ್ತಿದ್ದು ಸಾರ್.'

ಒಂದನ್ನು ಸಾಧಿಸಲು ಇನ್ನೊಂದು, ಆ ಇನ್ನೊಂದನ್ನು ಸಾಧಿಸಲು ಮೊದಲನೆಯದು ಬೇಕಾಗುವ ಈ ಸ್ಥಿತಿಗೆ ತರ್ಕದಲ್ಲಿ ಅನ್ಯೋನ್ಯಾಶ್ರಯ ದೋಷವೆನ್ನುತ್ತಾರೆ. ತರ್ಕಶಾಸ್ತ್ರದಲ್ಲಿ ಇದರಿಂದ ಬೀಳುವುದು ವಾದ ಮಾತ್ರ. ಇಲ್ಲಿ ಒಬ್ಬರನ್ನೊಬ್ಬರು ಜಾಮೀನಾಗಿಟ್ಟುಕೊಂಡ ಇಡೀ ಬಡಾವಣೆ ಬೀಳುತ್ತದೆ. ಮೊದಲು ಒತ್ತಿದವರು ಯಾರೆಂಬುದು ಮಾತ್ರ ಎಷ್ಟು ಕಾಫಿಯಾದರೂ ಇತ್ಯರ್ಥವಾಗುವುದಿಲ್ಲ.

ಮಹಿಳೆಯರಿಗೆ ಬರುವ ಅರ್ಜಿಗಳಲ್ಲಿ ಸೌಂದರ್ಯಕ್ಕಿಂತ ಸಮವಸ್ತ್ರ ಪ್ರಧಾನ. ಅಮೆರಿಕದ ಸೇನಾ ಜನರಲ್, ಹಡಗಿನ ಕ್ಯಾಪ್ಟನ್, ಸಮುದ್ರದ ನಡುವಿನ ತೈಲಬಾವಿಯ ಇಂಜಿನಿಯರ್, ಯುದ್ಧಭೂಮಿಯ ವೈದ್ಯ. ಎಲ್ಲರೂ ವಿಧುರರು, ಎಲ್ಲರಿಗೂ ಹಾಸ್ಟೆಲಿನಲ್ಲಿ ಓದುವ ಒಬ್ಬಳೇ ಮಗಳು, ಎಲ್ಲರೂ ದೈವಭಕ್ತರು. ಈ ಹುದ್ದೆಗಳ ಆಯ್ಕೆ ಆಕಸ್ಮಿಕವಲ್ಲ. ಮುಖ ತೋರಿಸದಿರಲು, ಭೇಟಿಗೆ ಬಾರದಿರಲು, ಸ್ವಂತ ಬ್ಯಾಂಕ್ ಖಾತೆ ಮುಟ್ಟಲಾಗದಿರಲು ಕೆಲಸದ ಜಾಗವೇ ಸಬೂಬಾಗಬೇಕು. ಫೋಟೊಗಳು ನಿಜವಾದ ಸೈನಿಕರವೇ, ಆದರೆ ಕದ್ದವು; ಅಮೆರಿಕದ ಸೇನೆಯ ಅಪರಾಧ ತನಿಖಾ ವಿಭಾಗ ಈ ಬಗ್ಗೆ ಎಚ್ಚರಿಸುತ್ತಲೇ ಬಂದಿದೆ. ತಿಪಟೂರಿನ ಕಡೆಯ ಶಾಲಾ ಶಿಕ್ಷಕಿಯೊಬ್ಬರ ಅನುಮತಿಗಾಗಿ ಒಂದೇ ವಾರದಲ್ಲಿ ಮೂವರು ಜನರಲ್‌ಗಳು ಕಾದು ನಿಂತಿರುವುದು ಅಸಹಜವಲ್ಲ. ಪೆಂಟಗನ್ನಿನ ಹೊರಗೆ ಇಷ್ಟು ನಕ್ಷತ್ರಗಳು ಒಟ್ಟಿಗೆ ಕಾಣುವುದು ಅಪರೂಪ.

ಕವಿಗಳು, ಚಿಟ್‌ಫಂಡಿನವರು, ಸಾಹಿತ್ಯ ಸಂಸ್ಥೆಗಳ ಚುನಾವಣೆಗೆ ನಿಂತವರು ಅಪರಿಚಿತರಾದರೂ ನಿಜವಾದ ಮನುಷ್ಯರು. ಅವರು ಬೇಡುವುದು ಕ್ರಮವಾಗಿ ಮೆಚ್ಚುಗೆ, ಮಾಸಿಕ ಕಂತು ಮತ್ತು ಮತ. ಕವಿ 5,000ದ ಮಿತಿಯ ಅಂಚಿನಲ್ಲಿರುವುದರಿಂದ, ಅವರ ಅರ್ಜಿ ಬಂದರೆ ಯಾರೋ ಒಬ್ಬರು ಈಚೆಗೆ ಅವರನ್ನು ಬಿಟ್ಟಿದ್ದಾರೆಂದೇ ಅರ್ಥ.

ಪರೀಕ್ಷೆಯಲ್ಲಿ ಬಹುಪಾಲು ತಪ್ಪಿಹೋಗುವುದು ಮಾತ್ರ ಅಸಲಿ ಅರ್ಜಿ. ಎಸ್ಸೆಸ್ಸೆಲ್ಸಿಯಲ್ಲಿ ಎರಡು ಬೆಂಚು ಮುಂದೆ ಕೂರುತ್ತಿದ್ದ, ಜಾಮಿಟ್ರಿ ಬಾಕ್ಸಿನ ಕೈವಾರ ಎರವಲು ಕೊಟ್ಟು ಕೊನೆಗೂ ವಾಪಸು ಕೇಳದ ಸಹಪಾಠಿಯ ಅರ್ಜಿ ಬಂದಾಗ ಅಲ್ಲಿರುವುದೇನು? ಮುಖದ ಜಾಗದಲ್ಲಿ ಕೆಂಪು ದಾಸವಾಳ. ಹೆಸರಿನ ಮುಂದೆ ಅಪ್ಪನ ಇನಿಶಿಯಲ್ ಹೋಗಿ ಗಂಡನ ಮನೆತನ ಬಂದಿದೆ. ಊರು ನ್ಯೂಜೆರ್ಸಿ ಅಥವಾ ದಾವಣಗೆರೆ. ಪ್ರೊಫೈಲಿಗೆ ಬೀಗ. ಈ ಬೀಗ ಅವರು ಶಂಕೆಯಿಂದ ಜಡಿದದ್ದಲ್ಲ, ಅನುಭವದಿಂದ ಜಡಿದದ್ದು. ಹೆಣ್ಣುಮಕ್ಕಳ ಫೋಟೊ ಕದ್ದು ಬಳಸುವ ಚಾಳಿಗೆ ತಡೆಯಾಗಿ ಫೇಸ್‌ಬುಕ್ 2017ರಲ್ಲಿ ಪ್ರೊಫೈಲ್ ಚಿತ್ರಕ್ಕೆ ಕಾವಲನ್ನೂ 2020ರ ಮೇ ತಿಂಗಳಲ್ಲಿ ಇಡೀ ಪ್ರೊಫೈಲಿಗೆ ಬೀಗವನ್ನೂ ಭಾರತದಲ್ಲಿ ಒದಗಿಸಿತು. ಪರಿಣಾಮವಾಗಿ ಇರುವವರಿಗೆ ಮುಖವಿಲ್ಲ, ಮುಖವಿರುವವರು ಇಲ್ಲ. ನಟಿಯ ಮುಖಕ್ಕೆ ಕಾಲು ಗಂಟೆ ಕೊಟ್ಟ ಪರೀಕ್ಷಕರು ದಾಸವಾಳವನ್ನು ಕಂಡು 'ಯಾರೋ ಫೇಕು' ಎಂದು ಕ್ಷಣದಲ್ಲಿ ಅಳಿಸುತ್ತಾರೆ. ಅಳಿಸಿದ ಸುದ್ದಿಯನ್ನು ಫೇಸ್‌ಬುಕ್ ಅತ್ತ ಕಡೆಗೆ ತಿಳಿಸುವುದಿಲ್ಲ. ಅವರು ನೋಡಲಿಲ್ಲವೇನೋ ಎಂದುಕೊಂಡು ಕಾಯುತ್ತಾರೆ. ಎಲ್ಲ ಶಾಸ್ತ್ರಗಳಲ್ಲೂ ಒಂದು ಶೋಚನೀಯ ಅಧ್ಯಾಯವಿರುತ್ತದೆ. ಈ ಶಾಸ್ತ್ರದಲ್ಲಿ ಅದು ಇಷ್ಟೇ.

ವಿಶ್ವಾಸ ಪ್ರಕರಣ ಆರಂಭವಾಗುವುದು ಒಪ್ಪಿಗೆಯಾದ ಮರುಕ್ಷಣ. ವಿದೇಶಿ ಕೈವಾಡದ ಖಾತೆ 'ಹಲೋ ಡಿಯರ್' ಎಂದು ಶುರುಮಾಡುತ್ತದೆ. ಸ್ಥಳೀಯ ತಜ್ಞರ ಖಾತೆಯಾದರೆ 'ಊಟ ಆಯ್ತಾ?' ಎನ್ನುತ್ತದೆ. ಇವುಗಳಲ್ಲಿ ಎರಡನೆಯದು ಹೆಚ್ಚು ಅಪಾಯಕಾರಿ. ಕನ್ನಡಿಗರಲ್ಲಿ ಈ ಪ್ರಶ್ನೆಗೆ ಉತ್ತರಿಸದಿರುವುದು ಅಸಭ್ಯತೆ; ಅದಲ್ಲದೆ, ಬಡಿಸಿದವರು ಎದುರಿಗೇ ಇರುವ ಮನೆಯಲ್ಲಿ ಈ ಪ್ರಶ್ನೆಯನ್ನು ಯಾರಾದರೂ ಕೇಳಿ ಎಷ್ಟೋ ವರ್ಷಗಳಾಗಿರುತ್ತವೆ. 'ಆಯ್ತು, ನಿಮ್ದು?' ಎಂಬ ಎರಡು ಪದಗಳಿಂದ ವಿಶ್ವಾಸ ಪೂರ್ಣವಾಗುತ್ತದೆ. ಮೊಳಕೆಕಾಳಿನ ಸಾರು ಮಾಡಿದ್ದರು ಎಂಬ ವಿವರವನ್ನು ಸೇರಿಸುವವರೂ ಇದ್ದಾರೆ.

ವಂಚನೆಯ ಕ್ರಮ ಮೂರು ಬಗೆಯಲ್ಲಿ ಮುಗಿಯುತ್ತದೆ. ಜನರಲ್ ಒಂದು ದಿನ ಉಡುಗೊರೆಯ ಪಾರ್ಸೆಲ್ ಕಳಿಸುತ್ತಾನೆ. ಅದರಲ್ಲಿ ಐಫೋನ್, ಚಿನ್ನ, ಡಾಲರುಗಳಿವೆಯೆಂದು ದೆಹಲಿ ವಿಮಾನ ನಿಲ್ದಾಣದ ಕಸ್ಟಮ್ಸ್ ಎಂದು ಹೇಳಿಕೊಂಡು ಒಬ್ಬರು ಕರೆ ಮಾಡಿ, ಬಿಡಿಸಿಕೊಳ್ಳಲು ಸುಂಕ ಕಟ್ಟಿಸಿಕೊಳ್ಳುತ್ತಾರೆ. ಸುಂದರಿ ವಿಡಿಯೊ ಕಾಲ್ ಮಾಡುತ್ತಾಳೆ. ಆ ಕೆಲವು ಸೆಕೆಂಡುಗಳು ರೆಕಾರ್ಡಾಗಿ, ಮರುದಿನ ಪೊಲೀಸ್ ಅಧಿಕಾರಿಯ ದನಿಯೊಂದು ಹಣ ಕೇಳುತ್ತದೆ. ಒಮ್ಮೆ ಕೊಟ್ಟರೆ ಕೇಳುವುದು ನಿಲ್ಲುವುದಿಲ್ಲ. ಮೂರನೆಯದು ಪ್ರತಿರೂಪಿಯ ಬಗೆ. ಈಗಾಗಲೇ ಗೆಳೆಯರಾಗಿರುವವರ ಹೆಸರು, ಫೋಟೊಗಳಿಂದಲೇ ಹೊಸ ಅರ್ಜಿ ಬಂದು, ಒಪ್ಪಿದೊಡನೆ 'ಸಿಆರ್‌ಪಿಎಫ್‌ನಲ್ಲಿರೋ ನನ್ನ ಫ್ರೆಂಡಿಗೆ ಟ್ರಾನ್ಸ್‌ಫರ್ ಆಗಿದೆ, ಫರ್ನಿಚರ್ ಅರ್ಧ ಬೆಲೆಗೆ ಕೊಡ್ತಿದಾರೆ' ಎಂಬ ಸಂದೇಶ ಬರುತ್ತದೆ. ಅಪರಿಚಿತರ ವಿಷಯದಲ್ಲಿ ಇಷ್ಟೆಲ್ಲ ಪರೀಕ್ಷೆ ನಡೆಸಿದವರು ಇಲ್ಲಿ ಯಾವ ಪರೀಕ್ಷೆಯನ್ನೂ ನಡೆಸುವುದಿಲ್ಲ, ಏಕೆಂದರೆ ಅರ್ಜಿದಾರರು ಪರಿಚಿತರು, ಮತ್ತು ಸೋಫಾ ಸೆಟ್ ನಿಜಕ್ಕೂ ಅಗ್ಗ.

ವಂಶಾವಳಿ ನೋಡಿದರೆ ಇವೆಲ್ಲ ಕುಲೀನ ವಂಚನೆಗಳು. ಸ್ಪೇನಿನ ಸೆರೆಮನೆಯಲ್ಲಿರುವ ಸಿರಿವಂತನನ್ನು ಬಿಡಿಸಲು ಸ್ವಲ್ಪ ಹಣ ಬೇಕೆಂದು ಅಪರಿಚಿತರಿಗೆ ಪತ್ರ ಬರೆಯುವ ಕಸುಬು ಹತ್ತೊಂಬತ್ತನೆಯ ಶತಮಾನದಲ್ಲೇ ಯುರೋಪ್ ಅಮೆರಿಕಗಳಲ್ಲಿ ನಡೆದಿತ್ತು. ಇಮೇಲ್ ಯುಗದಲ್ಲಿ ಅದೇ ನೈಜೀರಿಯದ ದಂಡಸಂಹಿತೆಯ 419ನೆಯ ಕಲಮಿನ ಹೆಸರಿನಿಂದ ಜಗತ್ಪ್ರಸಿದ್ಧವಾಯಿತು. ಭಾರತದಲ್ಲೂ 1860ರ ದಂಡಸಂಹಿತೆಯ 419ನೆಯ ಕಲಮು ಇನ್ನೊಬ್ಬರಂತೆ ನಟಿಸಿ ಮಾಡುವ ವಂಚನೆಯದೇ ಆಗಿತ್ತು. ಅದರ ನೆರೆಯ 420ಕ್ಕೆ ಸಿಕ್ಕ ಕೀರ್ತಿ ಅದಕ್ಕೆ ಸಿಗಲಿಲ್ಲ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇವು 319 ಮತ್ತು 318ಕ್ಕೆ ಸರಿದಿವೆ. ಕಟ್ಟೆಯ ಮೇಲಿನ ಬೈಗುಳ ಮಾತ್ರ ಫೋರ್ ಟ್ವೆಂಟಿಯಾಗಿಯೇ ಉಳಿದಿದೆ. ಕಂಪ್ಯೂಟರ್ ಬಳಸಿ ಹೀಗೆ ನಟಿಸಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಕಲಮಿನಂತೆ ಮೂರು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿಯವರೆಗೆ ದಂಡ.

ಮಿತ್ರಕಾರ್ಯ ಪ್ರಕರಣ ಚಿಕ್ಕದು, ಆದರೆ ಉಪಯುಕ್ತ. ಹಣ ಹೋದೊಡನೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಬೇಗ ತಿಳಿಸಿದಷ್ಟೂ ಆ ಹಣ ಮುಂದಿನ ಖಾತೆಗೆ ಹಾರುವ ಮೊದಲು ತಡೆಹಿಡಿಯುವ ಸಂಭವ ಹೆಚ್ಚು. ಕರ್ನಾಟಕದ ಜಿಲ್ಲೆಗಳಲ್ಲಿ ಇಂಥ ಸೈಬರ್ ಅಪರಾಧಗಳ ದೂರಿಗೆ ಸಿಇಎನ್ ಎಂಬ ಪೊಲೀಸ್ ಠಾಣೆಗಳಿವೆ. ಅಲ್ಲಿನ ಬೆಂಚಿನ ಮೇಲೆ ಕುಳಿತವರೆಲ್ಲ 'ನನ್ನ ಫ್ರೆಂಡ್ ಒಬ್ಬನಿಗೆ ಹೀಗಾಗಿದೆ ಸಾರ್' ಎಂದೇ ಆರಂಭಿಸುತ್ತಾರೆ. ರೈಟರ್ ತಲೆಯೆತ್ತದೆ 'ಫ್ರೆಂಡಿನ ಅಕೌಂಟ್ ನಂಬರ್ ಹೇಳಿ' ಎನ್ನುತ್ತಾರೆ. ಬಂದವರು ಅದನ್ನು ಬಾಯಿಪಾಠವಾಗಿ ಹೇಳುತ್ತಾರೆ.

ಭೇದ ಪ್ರಕರಣ ಸಂಭಾಷಣಾ ರೂಪದಲ್ಲಿದೆ. ಚಾರ್ಜಿಗೆ ಹಾಕಿದ ಫೋನು ಬೆಳಗಿ, ಪಕ್ಕದಲ್ಲಿ ಸೊಪ್ಪು ಬಿಡಿಸುತ್ತಿದ್ದವರು 'ಯಾರ್ರೀ ಇದು?' ಎನ್ನುತ್ತಾರೆ. 'ಗೊತ್ತಿಲ್ಲ ಕಣೇ.' 'ಗೊತ್ತಿಲ್ದೋರು ನಿಮ್ಮನ್ನ ಯಾಕೆ ಕೇಳ್ತಾರೆ?' ಪೂರ್ವಪಕ್ಷ ಇಷ್ಟು ಪ್ರಬಲವಾಗಿರುವುದರಿಂದ ಇದಕ್ಕೆ ಸಿದ್ಧಾಂತವನ್ನು ಈವರೆಗೆ ಯಾರೂ ಮಂಡಿಸಿಲ್ಲ. ಇದೇ ಪ್ರಶ್ನೆ ಗೃಹಿಣಿಯ ಜನರಲ್‌ಗಳ ಬಗ್ಗೆ ಎದ್ದಾಗ, 'ಮೂರು ಜನ ಕಾಯ್ತಿದಾರೆ, ನೋಡ್ಕೊಳ್ಳಿ' ಎಂಬ ಉತ್ತರ ಕೂಡಲೇ ಸಿಗುತ್ತದೆ.

ಇನ್ನು ವಿಲೇವಾರಿ. ಒಪ್ಪುವುದು, ಅಳಿಸುವುದು ಎಂಬ ಎರಡು ದಾರಿಗಳನ್ನಷ್ಟೇ ಫೇಸ್‌ಬುಕ್ ತೋರಿಸುತ್ತದೆ. ನಡುವಯಸ್ಕರಲ್ಲಿ ಬಳಕೆಯಲ್ಲಿರುವುದು ಮೂರನೆಯದು: ಕಡತವನ್ನು ಮುಟ್ಟದೆ ಬಿಡುವುದು. ಒಪ್ಪಿದರೆ ಅಪಾಯ, ಅಳಿಸಿದರೆ ನಷ್ಟ, ಬಿಟ್ಟರೆ ಎರಡೂ ಇಲ್ಲ. ಯಾರೋ ಕೇಳಿದ್ದಾರೆ ಎಂಬ ಸಂಗತಿಯಂತೂ ದಾಖಲೆಯಲ್ಲಿ ಉಳಿಯುತ್ತದೆ. ಸರ್ಕಾರಿ ಸೇವೆಯಲ್ಲಿರುವವರು ಈ ಮಾರ್ಗವನ್ನು ವಿಶೇಷ ತರಬೇತಿಯಿಲ್ಲದೆ ಅನುಸರಿಸಬಲ್ಲರು. ಹೀಗೆ ಬಿಟ್ಟ ಅರ್ಜಿಗಳು ವರ್ಷಗಟ್ಟಲೆ ಹಾಗೆಯೇ ಇರುತ್ತವೆ. ಅರ್ಜಿದಾರರ ಖಾತೆ ರದ್ದಾದರೆ ಸದ್ದಿಲ್ಲದೆ ಮಾಯವಾಗುತ್ತವೆ.

ಖಾತೆದಾರರು ಕಾಲವಾದ ಬಳಿಕ ಬರುವ ಅರ್ಜಿಗಳ ಗತಿಯೇನೆಂಬ ಪ್ರಶ್ನೆಗೂ ಸಂಸ್ಥೆ 2015ರಿಂದ ಉತ್ತರ ಒದಗಿಸಿದೆ. ಬದುಕಿರುವಾಗಲೇ ಒಬ್ಬ ಉತ್ತರಾಧಿಕಾರಿಯನ್ನು ನೇಮಿಸಬಹುದು. ಖಾತೆ ಸ್ಮಾರಕವಾದ ಮೇಲೆ ಆ ವ್ಯಕ್ತಿ ಪ್ರೊಫೈಲ್ ಫೋಟೊ ಬದಲಿಸಬಹುದು, ಹೊಸದಾಗಿ ಬರುವ ಫ್ರೆಂಡ್ ರಿಕ್ವೆಸ್ಟ್‌ಗಳನ್ನು ಒಪ್ಪಬಹುದು ಅಥವಾ ನಿರಾಕರಿಸಬಹುದು. ಎಲ್‌ಐಸಿ ಪಾಲಿಸಿಯಿಂದ ಗ್ಯಾಸ್ ಕನೆಕ್ಷನ್ನಿನವರೆಗೆ ಎಲ್ಲ ಫಾರಮ್ಮುಗಳ ನಾಮಿನಿ ಕಾಲಮಿನಲ್ಲಿ ಬರೆದು ರೂಢಿಯಾದ ಹೆಸರನ್ನೇ ನಡುವಯಸ್ಕರು ಇಲ್ಲಿಯೂ ಬರೆಯುತ್ತಾರೆ. ಆದ್ದರಿಂದ ಆ ಮೇಲೆ ಸುಂದರಿಯ ಅರ್ಜಿ ಬಂದರೆ, ಅದರ ವಿಚಾರಣೆ ಸೊಪ್ಪು ಬಿಡಿಸುತ್ತಿದ್ದವರ ಮುಂದೆಯೇ ನಡೆಯತಕ್ಕದ್ದು.